ಎಷ್ಟು ತಾಸು ಓದಿದಿ?

ಕಲಬುರಗಿಯ ಯಾವುದೇ ಸ್ಟಡಿ ಹಾಲಿನ ಹೊರಗಿನ ಚಹಾದಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ತಪ್ಪದೆ ಕಿವಿಗೆ ಬೀಳುತ್ತದೆ: ‘ಇವತ್ತ ಎಷ್ಟ ತಾಸ ಓದಿದಿ?’ ಏನು ಓದಿದೆ ಎಂದು ಕೇಳುವವರು ಕಡಿಮೆ, ಓದಿದ್ದು ತಲೆಗೆ ಹತ್ತಿತೇ ಎಂದು ಕೇಳುವವರು ಇನ್ನೂ ಕಡಿಮೆ. ಉತ್ತರವಾಗಿ ಒಂದು ಸಂಖ್ಯೆ ಬರಬೇಕು. ಎಂಟು ಎಂದರೆ ಸಾಧಾರಣ, ಹತ್ತು ಎಂದರೆ ಪರವಾಗಿಲ್ಲ, ಹನ್ನೆರಡು ಎಂದವರನ್ನು ಉಳಿದವರು ಚಹಾ ಕುಡಿಯುವುದನ್ನು ನಿಲ್ಲಿಸಿ ನೋಡುತ್ತಾರೆ. ನಾಲ್ಕು ಎಂದವರು ಮಾತ್ರ ಯಾರೂ ಕೇಳದಿದ್ದರೂ ಒಂದು ಕಾರಣವನ್ನು ಜೊತೆಗಿಟ್ಟೇ ಹೇಳುತ್ತಾರೆ: ತಲೆನೋವಿತ್ತು, ಊರಿನಿಂದ ಯಾರೋ ಬಂದಿದ್ದರು, ಕರೆಂಟು ಹೋಗಿತ್ತು.

ನಾನು ಆಳಂದ ತಾಲ್ಲೂಕಿನ ಒಂದು ಊರಿನವಳು. ಇಲ್ಲಿ ಸ್ನಾತಕೋತ್ತರ ಪದವಿ ಓದುತ್ತಾ, ಜೊತೆಯಲ್ಲೇ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೂ ತಯಾರಿ ನಡೆಸುತ್ತಿರುವ ಸಾವಿರಾರು ಜನರಲ್ಲಿ ಒಬ್ಬಳು. ಹೇಗೆ ಓದಬೇಕೆಂದು ಹೇಳಿಕೊಡುವ ಬರಹ ಇದಲ್ಲ, ಅಂಥವು ಬೇಕಾದಷ್ಟಿವೆ. ನಾನು ಬರೆಯಬೇಕೆಂದಿರುವುದು ಓದದೆ ಕಳೆದ ಹೊತ್ತಿನ ಬಗ್ಗೆ. ಊಟ ಮಾಡುವಾಗ, ಬಟ್ಟೆ ಒಗೆಯುವಾಗ, ಅಪ್ಪನ ಕೆರೆಯ ದಂಡೆಯ ಮೇಲೆ ಗೆಳತಿಯೊಡನೆ ಅರ್ಧ ತಾಸು ಕುಳಿತಾಗ, ಈ ಹೊತ್ತಿಗೆ ನಾನು ಓದುತ್ತಿರಬೇಕಿತ್ತು ಎಂದು ಒಳಗೊಳಗೇ ಕೊರೆಯುವ ಆ ಭಾವ ಎಲ್ಲಿಂದ ಬರುತ್ತದೆ, ಅದರೊಡನೆ ಹೇಗೆ ಬದುಕುವುದು ಎಂಬುದು ನನ್ನ ವಿಷಯ. ಕುಳಿತದ್ದು ಅರ್ಧ ತಾಸಾದರೂ ಅದರ ಸುಖವನ್ನು ಆ ಭಾವವೇ ತಿಂದುಹಾಕುವುದರಿಂದ, ಎದ್ದು ಹೋಗುವಾಗ ನಾವು ಓದಿದವರೂ ಅಲ್ಲ, ದಣಿವಾರಿಸಿಕೊಂಡವರೂ ಅಲ್ಲ.

ಇದಕ್ಕೆಲ್ಲ ಮೊಬೈಲನ್ನು ದೂರುವುದು ಈಗಿನ ರೂಢಿ. ಮೊಬೈಲಿನ ಪಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನನಗೆ ತಿಳಿದ ಮಟ್ಟಿಗೆ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಈ ಒತ್ತಡ ಮೊದಲು ಹುಟ್ಟುವುದು ಮನೆಯ ಜಮಾ–ಖರ್ಚಿನಿಂದ. ಜೂನ್–ಜುಲೈ ಮಳೆಗೆ ಬಿತ್ತಿದ ತೊಗರಿ ಡಿಸೆಂಬರ್ ಹೊತ್ತಿಗೆ ಕೊಯ್ಲಿಗೆ ಬಂದು, ರಾಶಿಯಾಗಿ, ಚೀಲ ಸೇರಿ, ಕಲಬುರಗಿಯ ಗಂಜ್‌ಗೆ ಹೋಗಿ, ಅಲ್ಲಿ ಆ ದಿನದ ದರ ಏನಿದೆಯೋ ಅದಕ್ಕೆ ಮಾರಾಟವಾದ ಮೇಲೆ ಬಂದ ಹಣದಲ್ಲಿ ಬೀಜ–ಗೊಬ್ಬರದ ಸಾಲ ತೀರಬೇಕು, ವರ್ಷದ ಖರ್ಚು ನಡೆಯಬೇಕು, ನನ್ನ ಫೀ, ರೂಮಿನ ಬಾಡಿಗೆ, ಸ್ಟಡಿ ಹಾಲಿನ ತಿಂಗಳ ಹಣ ಹೊರಡಬೇಕು. ಬೆಳೆಗೆ ನೆಟೆ ರೋಗ ಬಿದ್ದ ವರ್ಷವೂ ಈ ಕೊನೆಯ ಬಾಬತ್ತಿಗೆ ಮನೆಯಲ್ಲಿ ಕತ್ತರಿ ಬೀಳುವುದಿಲ್ಲ. ಅದು ಬೀಳದಿರುವುದೇ ನಮ್ಮ ಭಾರ. ಕೊಡುವುದಿಲ್ಲ ಎಂದಿದ್ದರೆ ಜಗಳವಾಡಬಹುದಿತ್ತು; ಎಲ್ಲಿಂದಲೋ ಹೊಂದಿಸಿ ಕೊಡುವವರೊಡನೆ ಏನು ಜಗಳ?

ಹಾಗೆ ಕೊಟ್ಟವರಿಗೆ ನಾವು ಪ್ರತಿಯಾಗಿ ಏನನ್ನು ತೋರಿಸಬೇಕು? ಹೊಲದ ಕೆಲಸ ಸಂಜೆಯ ಹೊತ್ತಿಗೆ ಕಣ್ಣಿಗೆ ಕಾಣುತ್ತದೆ. ಇಷ್ಟು ಸಾಲು ಕಳೆ ತೆಗೆದಾಯಿತು, ಇಷ್ಟು ಚೀಲ ತುಂಬಿತು ಎಂದು ಬೆರಳಿಟ್ಟು ತೋರಿಸಬಹುದು. ಓದಿನ ಫಲ ಕಾಣುವುದು ವರ್ಷಗಳ ಮೇಲೆ, ಅದೂ ಒಂದು ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೆ. ಅಲ್ಲಿಯವರೆಗೆ ಮನೆಗೆ ಹೇಳಲು ಕೈಯಲ್ಲಿರುವುದು ತಾಸುಗಳು ಮಾತ್ರ. ಭಾನುವಾರ ಸಂಜೆ ಅಪ್ಪ ಫೋನ್ ಮಾಡಿ, ‘ಯವ್ವಾ, ಊಟ ಆಯ್ತಾ? ಓದೂದು ಹ್ಯಾಂಗ ನಡದದ?’ ಎಂದು ಕೇಳುತ್ತಾನೆ. ಅಪ್ಪ ಓದಿದ್ದು ನಾಲ್ಕನೆಯ ಈಯತ್ತೆಯವರೆಗೆ. ನನ್ನ ರಸಾಯನಶಾಸ್ತ್ರದ ಯಾವ ಅಧ್ಯಾಯ ಕಬ್ಬಿಣದ ಕಡಲೆಯಾಗಿದೆ, ಯಾವುದು ಸಲೀಸಾಯಿತು ಎಂದು ಅವನಿಗೆ ಹೇಳುವ ದಾರಿ ನನಗೆ ತಿಳಿಯದು, ಕೇಳುವ ದಾರಿ ಅವನಿಗೆ ತಿಳಿಯದು. ಆದರೆ ದಿನಕ್ಕೆ ಹತ್ತು ತಾಸು ಎಂದರೆ ಅವನಿಗೆ ತಟ್ಟನೆ ಅರ್ಥವಾಗುತ್ತದೆ, ಏಕೆಂದರೆ ಹತ್ತು ತಾಸು ದುಡಿಯುವುದೆಂದರೆ ಏನೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಓದುವ ಮಗಳಿಗೂ ಉಳುವ ಅಪ್ಪನಿಗೂ ಗೊತ್ತಿರುವ ಒಂದೇ ಅಳತೆ ತಾಸು. ಹಾಗಾಗಿಯೇ ನಾವು ಅದನ್ನು ಬಿಟ್ಟುಕೊಡಲು ಹೆದರುತ್ತೇವೆ; ಅದನ್ನು ಬಿಟ್ಟರೆ ಮನೆಯವರೊಡನೆ ಮಾತನಾಡಲು ಬೇರೇನು ಉಳಿಯುತ್ತದೆ ಎಂಬ ಅಳುಕು.

ಹುಡುಗಿಯರಿಗೆ ಇದರ ಮೇಲೆ ಇನ್ನೂ ಒಂದು ಗಡುವಿದೆ. ಡಿಗ್ರಿ ಮುಗಿದ ನಂತರದ ಪ್ರತಿಯೊಂದು ವರ್ಷವೂ ಮನೆಯಲ್ಲಿ ಹೊಸದಾಗಿ ಮಂಜೂರಾಗಬೇಕಾದ ವರ್ಷ. ಮದುವೆ ಮನೆಗಳಲ್ಲಿ, ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಸಿಕ್ಕ ಬಳಗದವರೆಲ್ಲ ‘ಇನ್ನಾ ಎಷ್ಟ ವರ್ಷ ಓದ್ತಿ ಯವ್ವಾ’ ಎಂದು ನಗುನಗುತ್ತಲೇ ಕೇಳುತ್ತಾರೆ, ಮತ್ತು ಆ ಪ್ರಶ್ನೆಗೆ ಅವ್ವ ನಮ್ಮ ಪರವಾಗಿ ಉತ್ತರ ಕೊಡಬೇಕಾಗುತ್ತದೆ. ಅವ್ವ ಕೊಡುವ ಉತ್ತರವೂ ತಾಸಿನ ಭಾಷೆಯಲ್ಲೇ ಇರುತ್ತದೆ: ರಾತ್ರಿ ಒಂದು ಗಂಟೆತನಕ ಓದತಾಳ, ಪಾಪ. ರಜೆಗೆ ಊರಿಗೆ ಹೋದಾಗ ಬೆಳಿಗ್ಗೆದ್ದು ನೀರು ತುಂಬಿ, ರೊಟ್ಟಿ ಬಡಿದು, ತಮ್ಮನ ಬಟ್ಟೆ ಒಗೆದು, ಬಂದವರಿಗೆ ಚಹಾ ಮಾಡಿ ಕೊಡುವುದರೊಳಗೆ ದಿನದ ಅರ್ಧ ಹೋಗಿರುತ್ತದೆ. ಆ ತಾಸುಗಳು ಓದಿನ ಲೆಕ್ಕಕ್ಕೆ ಬರುವುದಿಲ್ಲ, ವಿಶ್ರಾಂತಿಯ ಲೆಕ್ಕಕ್ಕೂ ಬರುವುದಿಲ್ಲ. ಮನೆಯವರ ಬಾಯಲ್ಲಿ ಅದರ ಹೆಸರು ‘ರಜೆ’. ಅದೇ ರಜೆಯಲ್ಲಿ ಗಂಡುಮಗ ಮಲಗಿದ್ದರೆ ಅವನು ದಣಿದಿದ್ದಾನೆ.

ಊರಿನ ಸಂಗತಿ ಒಂದಾದರೆ ಜಿಲ್ಲೆಯ ಸಂಗತಿ ಇನ್ನೊಂದು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಜಿಲ್ಲಾವಾರು ಪಟ್ಟಿ ಬಂದಾಗ ನಮ್ಮ ಕಡೆಯವರು ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. 2024ರಲ್ಲಿ ಕೊನೆಯ ಸ್ಥಾನ ಯಾದಗಿರಿಗೆ, 2025ರಲ್ಲಿ ಕಲಬುರಗಿಗೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ 51.83 ಇತ್ತು. ಇದಕ್ಕೆ ನೂರೆಂಟು ಕಾರಣಗಳಿವೆ: ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಗಳು, ಸುಗ್ಗಿಯ ನಂತರ ಬೆಂಗಳೂರು, ಪುಣೆ, ಮುಂಬೈಗಳಿಗೆ ದುಡಿಯಲು ಹೋಗುವ ತಂದೆ–ತಾಯಿಯ ಬೆನ್ನಿಗೆ ಶಾಲೆ ಬಿಟ್ಟು ನಡೆಯುವ ಮಕ್ಕಳು, ಇನ್ನೂ ಹಲವು. ಆದರೆ ಭಾಷಣಗಳಲ್ಲಿ ಇವೆಲ್ಲ ಕರಗಿ ಒಂದೇ ಉಪದೇಶವಾಗುತ್ತದೆ, ನಮ್ಮ ಮಕ್ಕಳು ಇನ್ನೂ ಹೆಚ್ಚು ಕಷ್ಟಪಟ್ಟು ಓದಬೇಕು ಎಂದು. ಒಂದು ಪ್ರದೇಶದ ಹಿಂದುಳಿದಿರುವಿಕೆಯನ್ನು ಹದಿನಾರು ವರ್ಷದ ಹುಡುಗಿಯೊಬ್ಬಳ ವೇಳಾಪಟ್ಟಿಯಿಂದ ತೊಳೆದುಹಾಕಬಹುದೆಂಬ ನಂಬಿಕೆ ನನಗೆ ಅನ್ಯಾಯವಾಗಿ ತೋರುತ್ತದೆ.

2013ರಲ್ಲಿ ಜಾರಿಗೆ ಬಂದ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಸೇರ್ಪಡೆಯಾಗಿ, ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿ ದೊರೆಯಿತು. ಅದರಿಂದ ಎಷ್ಟೋ ಮನೆಗಳಲ್ಲಿ ಮೊದಲ ಡಾಕ್ಟರು, ಮೊದಲ ಎಂಜಿನಿಯರು, ಮೊದಲ ಸರ್ಕಾರಿ ನೌಕರರು ಬಂದಿದ್ದಾರೆ. ನಾನು ಇಲ್ಲಿ ಕುಳಿತು ಓದುತ್ತಿರುವುದರ ಹಿಂದೆಯೂ ಅದು ಹುಟ್ಟಿಸಿದ ಧೈರ್ಯವಿದೆ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಹೋಗದವರದೇ ತಪ್ಪು ಎಂಬ ಮಾತು ಅದರ ಹಿಂದೆಯೇ ಬಂತು. ‘371 ಅದ, ಇನ್ನೇನು ಬೇಕು?’ ಎಂದು ಕೇಳುವವರಿಗೆ, ಆ ಮೀಸಲಾತಿಯೊಳಗೂ ಪೈಪೋಟಿ ಇದೆ, ಹುದ್ದೆಗಿಂತ ಓದುವವರು ಅನೇಕ ಪಟ್ಟು ಇದ್ದಾರೆ ಎಂದು ವಿವರಿಸುವುದು ನೆಪ ಹೇಳಿದಂತೆ ಕೇಳಿಸುತ್ತದೆ.

ಮೊಬೈಲಿನ ವಿಷಯ ಬೇಗ ಮುಗಿಸುತ್ತೇನೆ. ದಿನಕ್ಕೆ ಹದಿನಾರು ತಾಸು ಓದಿ ಪಾಸಾದೆ ಎನ್ನುವವರ ವಿಡಿಯೊಗಳನ್ನು ನೋಡುವವರು ಒಂದು ಕೂಡಿ–ಕಳೆಯುವ ಲೆಕ್ಕ ಮಾಡಿದರೆ ಸಾಕು. ಉಳಿದ ಎಂಟು ತಾಸಿನಲ್ಲಿ ನಿದ್ದೆ, ಸ್ನಾನ, ಊಟ, ನೀರು ಬಂದಾಗ ಕೊಡ ಹಿಡಿದು ನಿಲ್ಲುವುದು, ಎಲ್ಲವೂ ಆಗಬೇಕು. ವರ್ಷಗಟ್ಟಲೆ ಹಾಗೆ ಬದುಕಿದವರು ಇರಬಹುದು, ಅಥವಾ ಅವರಿಗೆ ಅಡುಗೆ ಮಾಡಿ, ಬಟ್ಟೆ ಒಗೆದು ಕೊಟ್ಟವರು ಯಾರೋ ವಿಡಿಯೊದಲ್ಲಿ ಕಾಣದೆ ಇರಬಹುದು.

ಇಷ್ಟಕ್ಕೂ ಈ ತಾಸುಗಳು ಅಳೆಯುವುದಾದರೂ ಏನನ್ನು? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನ್ನ ಮಟ್ಟಿಗೆ ಈ ಚರ್ಚೆಯ ಕೇಂದ್ರದಲ್ಲಿದೆ. ಅವರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಿಸಿ, ಆಮೇಲೆ ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು, ಉಳಿದವರಿಗೆ ಪುಟ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದಿದ್ದರು. ಇನ್ನೂ ಗಮನಿಸಬೇಕಾದದ್ದೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಪದೇ ಪದೇ ಓದಿದವರಲ್ಲೇ ಹೆಚ್ಚಾಗಿತ್ತು.

ಇದರಲ್ಲಿ ತಾಸಿನ ಲೆಕ್ಕಕ್ಕೆ ಸಂಬಂಧಿಸಿದ ಒಂದು ಸಂಗತಿ ಅಡಗಿದೆ. ಮತ್ತೆ ಮತ್ತೆ ಓದುವುದು ಸುಲಭ. ಗೆರೆ ಎಳೆದ ಸಾಲುಗಳ ಮೇಲೆ ಕಣ್ಣು ಹಾಯಿಸುತ್ತಾ ಹತ್ತು ತಾಸು ಕೂರಬಹುದು, ಕುಳಿತದ್ದು ಸಾರ್ಥಕವೆಂಬ ಭಾವವೂ ಬರುತ್ತದೆ. ಪುಟ ಮುಚ್ಚಿ ನೆನಪಿನಿಂದ ಬರೆಯುವುದು, ತಪ್ಪಿದ್ದನ್ನು ಹುಡುಕಿ ತಿದ್ದುವುದು, ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರವಿಟ್ಟು ಬಿಡಿಸುವುದು ಅರ್ಧ ದಿನದೊಳಗೆ ತಲೆಯನ್ನು ಹಿಂಡಿಹಾಕುತ್ತದೆ, ಜೊತೆಗೆ ನನಗೇನೂ ಬರುವುದಿಲ್ಲ ಎಂಬ ನಿರಾಸೆಯನ್ನೂ ಹುಟ್ಟಿಸುತ್ತದೆ. ಹಾಗಾಗಿ ಚೆನ್ನಾಗಿ ಕಲಿಯುತ್ತಿರುವವಳು ಸಂಜೆ ಚಹಾದಂಗಡಿಯ ಮುಂದೆ ಐದು ಎನ್ನುತ್ತಾಳೆ, ಪುಟ ತಿರುವಿದವಳು ಹನ್ನೆರಡು ಎನ್ನುತ್ತಾಳೆ. ನಮ್ಮ ಅಳತೆಗೋಲು ಕೆಟ್ಟಿದೆ ಎಂದಷ್ಟೇ ಹೇಳಿದರೆ ಸಾಲದು. ಅದು ಕಡಿಮೆ ಕಲಿಯುವ ದಾರಿಗೇ ನಮ್ಮನ್ನು ತಳ್ಳುತ್ತದೆ.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಅವರ ಸಂಗಡಿಗರು ಬರ್ಲಿನ್ನಿನ ಸಂಗೀತ ವಿದ್ಯಾರ್ಥಿಗಳ ಮೇಲೆ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇಂಥದೇ ಚಿತ್ರ ಸಿಗುತ್ತದೆ. ಪಿಟೀಲು ಕಲಿಯುವವರಲ್ಲಿ ಅತ್ಯುತ್ತಮರೆನಿಸಿದವರು ಒಬ್ಬರೇ ಕುಳಿತು ಮಾಡುವ ಏಕಾಗ್ರ ಅಭ್ಯಾಸಕ್ಕೆ ದಿನಕ್ಕೆ ಸರಾಸರಿ ಮೂರೂವರೆ ತಾಸಿನಷ್ಟು ಕೊಡುತ್ತಿದ್ದರು, ಅದನ್ನೂ ನಡುವೆ ಬಿಡುವಿಟ್ಟು ಮಾಡುತ್ತಿದ್ದರು, ಮತ್ತು ಸಾಧಾರಣರಿಗಿಂತ ಹೆಚ್ಚು ನಿದ್ದೆ ಮಾಡುತ್ತಿದ್ದರು, ಮಧ್ಯಾಹ್ನದ ನಿದ್ದೆಯೂ ಅದರಲ್ಲಿ ಸೇರಿತ್ತು. ಈ ಅಧ್ಯಯನವನ್ನು ಹೆಚ್ಚಾಗಿ ಉಲ್ಲೇಖಿಸುವುದು ಹೆಚ್ಚು ತಾಸು ಅಭ್ಯಾಸ ಮಾಡಬೇಕೆಂದು ಹೇಳುವುದಕ್ಕಾಗಿ. ಮಧ್ಯಾಹ್ನದ ನಿದ್ದೆಯ ಮಾತನ್ನು ಯಾರೂ ಎತ್ತುವುದಿಲ್ಲ.

ಮಧ್ಯಾಹ್ನದ ಮಾತು ಬಂದಿದ್ದರಿಂದ ನಮ್ಮ ಬಿಸಿಲಿನ ಬಗ್ಗೆಯೂ ಹೇಳಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟುವುದು ಸಾಮಾನ್ಯ. ಆ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರವೇ ತನ್ನ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತದೆ. ಫ್ಯಾನಿನ ಕೆಳಗೆ, ಸಂಬಳ ಪಡೆದು ಕೂರುವ ಅಧಿಕಾರಿಗೂ ಈ ಬಿಸಿಲಿನಲ್ಲಿ ಮಧ್ಯಾಹ್ನ ಕೆಲಸ ಸಾಗದು ಎಂದು ಸರ್ಕಾರ ಒಪ್ಪುತ್ತದೆ. ಆದರೆ ಅದೇ ಸರ್ಕಾರದ ನೌಕರಿಗಾಗಿ ತಗಡಿನ ಮಾಳಿಗೆಯ ರೂಮಿನಲ್ಲಿ ಓದುವ ಹುಡುಗ, ಬೆಂಗಳೂರಿನವರೋ ದೆಹಲಿಯವರೋ ಮಾಡಿದ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು, ಎರಡರಿಂದ ಐದರವರೆಗೆ ಐಚ್ಛಿಕ ವಿಷಯ ಎಂದು ಬರೆದಿರುವುದರಿಂದ, ಒದ್ದೆ ಟವೆಲ್ಲನ್ನು ಕೊರಳಿಗೆ ಸುತ್ತಿಕೊಂಡು ಕೂರುತ್ತಾನೆ. ನಿದ್ದೆ ಬಂದರೆ ತನ್ನನ್ನು ಸೋಮಾರಿ ಎಂದು ಬೈದುಕೊಳ್ಳುತ್ತಾನೆ.

ಗೋಡೆಯ ಮಾತು ಬಂದರೆ ಇನ್ನೊಂದು ನೆನಪಾಗುತ್ತದೆ. ನಮ್ಮ ಕಡೆಯ ಕೋಚಿಂಗ್ ತರಗತಿಗಳಲ್ಲಿ, ಹಾಸ್ಟೆಲ್ಲುಗಳಲ್ಲಿ ‘ಕಾಯಕವೇ ಕೈಲಾಸ’ ಎಂದು ಬರೆದಿರದ ಗೋಡೆ ಸಿಗುವುದು ಅಪರೂಪ. ಬಸವಕಲ್ಯಾಣ ಪಕ್ಕದ ಬೀದರ ಜಿಲ್ಲೆಯಲ್ಲೇ ಇರುವಾಗ ಅದು ಸಹಜವೂ ಹೌದು. ಆ ಮಾತನ್ನು ಬಿಡುವಿಲ್ಲದೆ ದುಡಿ ಎಂಬ ಅರ್ಥದಲ್ಲಿ ಅಲ್ಲಿ ಬರೆದಿರುತ್ತಾರೆ. ಆದರೆ ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆ ಮನೆಯಲ್ಲಿ ಲಕ್ಕಮ್ಮ ಎಂಬ ಹೆಂಡತಿಯೂ ಇದ್ದಳು. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಯ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈಸಕ್ಕಿಯ ಆಸೆ ನಿಮಗೇಕೆ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳಿಸಿದವಳು ಲಕ್ಕಮ್ಮ. ಗಂಡನ ಅರ್ಧ ಸಾಲು ಗೋಡೆಗೆ ಬಂತು, ಹೆಂಡತಿಯ ಮಾತು ಬರಲಿಲ್ಲ. ಇಂದಿನ ಅಕ್ಕಿ ಎಷ್ಟಾದರೆ ಸಾಕು ಎಂಬುದು ಅವಳಿಗೆ ಮೊದಲೇ ತಿಳಿದಿತ್ತು. ನಮ್ಮ ದಿನಗಳಿಗೆ ಇಲ್ಲದಿರುವುದು ಆ ‘ಸಾಕು’.

ಇದಕ್ಕೆ ಒಂದು ಆಕ್ಷೇಪ ಇದೆ ಎಂದು ನನಗೆ ಗೊತ್ತು, ಮತ್ತು ಅದು ಹಗುರವಾದದ್ದಲ್ಲ. ಲಕ್ಕಮ್ಮನಿಗೆ ಅಕ್ಕಿಗಾಗಿ ಪೈಪೋಟಿ ಇರಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ನನಗೆ ಸಾಕಾದಷ್ಟು ಎಂಬುದೇ ಇಲ್ಲ. ಪಕ್ಕದವಳು ನನಗಿಂತ ಒಂದು ಅಂಕ ಹೆಚ್ಚು ತೆಗೆದರೆ ನನ್ನದು ಸಾಲದು. ಒಪ್ಪುತ್ತೇನೆ. ಆದರೆ ಫಲಿತಾಂಶಕ್ಕೆ ಮಿತಿ ಇಲ್ಲದಿದ್ದರೂ ಒಂದು ದಿನಕ್ಕೆ, ಒಂದು ಮೈಗೆ ಮಿತಿ ಇದೆ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕಾನೂನಿನ ಪ್ರಕಾರ ವಾರಕ್ಕೆ 48 ತಾಸು ಎಂಬ ಮಿತಿಯೂ ವಾರದ ರಜೆಯೂ ಇದೆ, ಮತ್ತು ಅದನ್ನು ಸೋಮಾರಿತನವೆಂದು ಯಾರೂ ಕರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದ ಒತ್ತಡದಿಂದ ಬರುವ ಬಸವಳಿಕೆಯನ್ನು ತನ್ನ ರೋಗಗಳ ವರ್ಗೀಕರಣದಲ್ಲಿ ಗುರುತಿಸಿದಾಗಲೂ ಅದನ್ನು ಉದ್ಯೋಗಕ್ಕೆ ಮಾತ್ರ ಸೀಮಿತಗೊಳಿಸಿತು. ಓದು ಉದ್ಯೋಗವಲ್ಲವಾದ್ದರಿಂದ ವಿದ್ಯಾರ್ಥಿಗೆ ಪಾಳಿ ಇಲ್ಲ, ರಜೆ ಇಲ್ಲ, ದಣಿಯುವುದಕ್ಕೆ ಒಂದು ಹೆಸರೂ ಇಲ್ಲ.

ಇನ್ನು, ತಾಸುಗಳಿಗೂ ಫಲಕ್ಕೂ ನಡುವೆ ನಮ್ಮ ಕೈಯಲ್ಲಿಲ್ಲದ್ದು ಎಷ್ಟಿದೆ ಎಂಬುದನ್ನು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ತಾಸುಗಳೂ ಅದರೊಡನೆ ರದ್ದಾದವು. ಎಲ್ಲವೂ ನಿನ್ನ ಪರಿಶ್ರಮದ ಮೇಲೆ ನಿಂತಿದೆ ಎಂದು ವೇದಿಕೆಯಿಂದ ಹೇಳುವವರು ಆ ಹುಡುಗ–ಹುಡುಗಿಯರ ಎದುರು ಒಮ್ಮೆ ಆ ಮಾತನ್ನು ಹೇಳಿ ನೋಡಬೇಕು.

ಇಷ್ಟೆಲ್ಲ ತಿಳಿದರೂ ಕೊರೆತ ತಾನಾಗಿಯೇ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಸ್ವಲ್ಪ ನೆರವಾದದ್ದು ಎರಡು ಬದಲಾವಣೆಗಳು, ಎರಡೂ ಸಣ್ಣವು. ಒಂದು, ದಿನದ ಕೆಲಸವನ್ನು ತಾಸಿನಲ್ಲಿ ಅಲ್ಲ, ಮುಗಿಯುವ ಕೆಲಸದ ರೂಪದಲ್ಲಿ ಹಿಂದಿನ ರಾತ್ರಿಯೇ ಬರೆದಿಡುವುದು: ಒಂದು ಅಧ್ಯಾಯವನ್ನು ಪುಸ್ತಕ ಮುಚ್ಚಿ ಬರೆಯುವುದು, ಒಂದು ಹಳೆಯ ಪ್ರಶ್ನೆಪತ್ರಿಕೆ, ಕಳೆದ ವಾರದ ತಪ್ಪುಗಳ ಪಟ್ಟಿ. ಅದು ಮುಗಿದರೆ ದಿನ ಮುಗಿಯಿತು, ಆಗ ಮೂರು ಗಂಟೆಯಾಗಿದ್ದರೂ ಸರಿ. ಮೊದಮೊದಲು ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ಚಡಪಡಿಸುತ್ತಿದ್ದೆ. ಈಗಲೂ ಅದು ಪೂರ್ತಿ ಹೋಗಿಲ್ಲ. ಆದರೆ ಮುಗಿಯುವ ದಿನಕ್ಕೆ ಒಂದು ಗುಣವಿದೆ, ಅದರಲ್ಲಿ ಬೆಳಗಿನ ಓದು ಚುರುಕಾಗುತ್ತದೆ.

ಎರಡನೆಯದು ಅಪ್ಪನೊಡನೆ ನಡೆಸುವ ಮಾತಿನ ರೀತಿ. ನಮ್ಮ ಕಡೆ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಏರಿಸುವುದಿಲ್ಲ, ಅದು ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪುತ್ತಿದ್ದರೂ ಅಪ್ಪ ಆ ನೇಮ ಮುರಿದದ್ದನ್ನು ನಾನು ಕಂಡಿಲ್ಲ. (ಈಗ ಊರಿನಲ್ಲಿ ಟ್ರ್ಯಾಕ್ಟರ್‌ಗಳು ಹೆಚ್ಚಾಗಿವೆ, ಅವಕ್ಕೆ ಸೋಮವಾರ ಇಲ್ಲ.) ಎತ್ತಿಗೆ ವಾರಕ್ಕೊಂದು ದಿನ ಬಿಡುವು ಕೊಡುವ ಮನೆಯಲ್ಲಿ ಬೆಳೆದ ನಾವು ಎಳ್ಳಮಾವಾಸ್ಯೆಗೂ ಊರಿಗೆ ಹೋಗದೆ, ಇಡೀ ಬಳಗ ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ–ರೊಟ್ಟಿ ಉಣ್ಣುವಾಗ ಇಲ್ಲಿ ಪ್ರಚಲಿತ ವಿದ್ಯಮಾನಗಳ ಪುಟ ತಿರುವುತ್ತಾ ಕೂರುತ್ತೇವೆ. ಸೋಮವಾರ ಮಧ್ಯಾಹ್ನದ ಮೇಲೆ ನಾನು ಪುಸ್ತಕ ಮುಟ್ಟುವುದಿಲ್ಲ ಎಂದು ಅಪ್ಪನಿಗೆ ಹೇಳಿದಾಗ, ಅದಕ್ಕೆ ಕಾರಣ ಕೊಡಬೇಕಾಗಬಹುದೆಂದು ನಾನು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಅವನು ‘ಹೌದ್ ಮತ್ತ’ ಎಂದು, ಮಳೆಯ ಸುದ್ದಿಗೆ ಹೋದ. ಆಮೇಲಿನಿಂದ ಭಾನುವಾರದ ಕರೆಯಲ್ಲಿ ತಾಸು ಹೇಳುವುದನ್ನು ಬಿಟ್ಟು, ಆ ವಾರ ಓದಿದ್ದರಲ್ಲಿ ಅವನಿಗೆ ಉಪಯೋಗವಾಗುವ ಒಂದನ್ನಾದರೂ ಹೇಳುತ್ತೇನೆ: ಬೆಂಬಲ ಬೆಲೆಯನ್ನು ಯಾರು ನಿಗದಿ ಮಾಡುತ್ತಾರೆ, ಗ್ರಾಮಸಭೆಯಲ್ಲಿ ಏನನ್ನು ಕೇಳುವ ಹಕ್ಕಿದೆ, ಯೂರಿಯಾ ಮಣ್ಣಿನಲ್ಲಿ ಏನಾಗುತ್ತದೆ. ಕೆಲವೊಮ್ಮೆ ಅವನು ನನ್ನನ್ನು ತಿದ್ದುತ್ತಾನೆ. ಅರ್ಧ ತಾಸಿನ ಆ ಮಾತು ನನಗೆ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಪರೀಕ್ಷೆಯೂ ಆಗುತ್ತದೆ.

ಇದನ್ನು ಎಲ್ಲರಿಗೂ ಹೇಳಲಾಗದು. ರಾತ್ರಿ ಪೆಟ್ರೋಲ್ ಬಂಕಿನಲ್ಲಿ ದುಡಿದು, ಅಥವಾ ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸಿ ಓದುವವರಿಗೆ ಬೇಕಾಗಿರುವುದು ವಿಶ್ರಾಂತಿಯ ತತ್ವವಲ್ಲ, ಸಮಯಕ್ಕೆ ಸರಿಯಾಗಿ ಖಾತೆಗೆ ಬರುವ ವಿದ್ಯಾರ್ಥಿವೇತನ. ಇನ್ನು ಕೆಲವರ ಸ್ಥಿತಿ ಒತ್ತಡವನ್ನು ದಾಟಿ ಹೋಗಿರುತ್ತದೆ. ವಾರಗಟ್ಟಲೆ ನಿದ್ದೆ ಹತ್ತದಿರುವುದು, ಊಟ ಸೇರದಿರುವುದು, ಓದಲು ಕುಳಿತರೆ ಎದೆ ಬಡಿದುಕೊಳ್ಳುವುದು, ಬದುಕಿ ಪ್ರಯೋಜನವಿಲ್ಲ ಎಂಬ ಯೋಚನೆ ಮತ್ತೆ ಮತ್ತೆ ಬರುವುದು, ಇವಕ್ಕೆ ವೇಳಾಪಟ್ಟಿ ಬದಲಿಸುವುದು ಮದ್ದಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡಬಹುದು. ‘ಹುಚ್ಚರ ಡಾಕ್ಟರು’ ಎಂಬ ಮಾತಿಗೆ ಹೆದರಿ ಆಸ್ಪತ್ರೆಯ ಮೆಟ್ಟಿಲು ಹತ್ತದವರಿಗೆ ಫೋನಿನಿಂದ ಶುರು ಮಾಡುವುದು ಸುಲಭ.

ನಾನು ಹೇಳಿದ ಎರಡು ಬದಲಾವಣೆಗಳೂ ಅಧಿಸೂಚನೆ ಹೊರಬಿದ್ದ ತಿಂಗಳುಗಳಲ್ಲಿ ನಿಲ್ಲುವುದಿಲ್ಲ. ಆಗ ಸ್ಟಡಿ ಹಾಲಿನಲ್ಲಿ ಕುರ್ಚಿ ಸಿಗುವುದಿಲ್ಲ, ಎಲ್ಲರೂ ಹನ್ನೆರಡು ತಾಸಿಗೆ ಏರುತ್ತಾರೆ, ನಾನೂ ಏರುತ್ತೇನೆ. ಆ ದಿನಗಳಿಗಾಗಿ ನಮ್ಮ ರೂಮಿನ ಮೂವರು ಮಾಡಿಕೊಂಡ ಕರಾರು ಇಷ್ಟೇ: ರಾತ್ರಿ ಹನ್ನೊಂದಕ್ಕೆ ದೀಪ ಆರಬೇಕು, ಒಬ್ಬರನ್ನೊಬ್ಬರು ತಾಸು ಕೇಳಬಾರದು. ಮೂವರಲ್ಲಿ ಒಬ್ಬಳು, ಚಿಂಚೋಳಿ ಕಡೆಯವಳು, ಮೊದಲ ವಾರದಲ್ಲೇ ಕರಾರಿನಿಂದ ಹೊರಬಂದಳು. ಅವಳ ಮನೆಯವರು ಕೊಟ್ಟಿರುವ ಗಡುವು ಈ ವರ್ಷಕ್ಕೆ ಮುಗಿಯುತ್ತದೆ. ಗಂಡಿನ ಕಡೆಯವರು ಬಂದು ನೋಡಿ ಹೋಗಿದ್ದಾರೆ. ‘ನಿಮ್ಮ ಮಾತೆಲ್ಲ ಖರೆ ಅದ, ಆದ್ರ ನನಗ ಇನ್ನೊಂದ ವರ್ಷ ಇಲ್ಲಲ್ಲ’ ಎಂದು ಅವಳು ಅಂದಾಗ ಲಕ್ಕಮ್ಮನ ಅಕ್ಕಿಯ ಕಥೆ ಹೇಳಿ ಪ್ರಯೋಜನವಿರಲಿಲ್ಲ. ಬರುವ ತಿಂಗಳು ಅವಳ ತಂದೆಯೊಡನೆ ಮಾತನಾಡಲು ನಾವಿಬ್ಬರೂ ಅವಳ ಊರಿಗೆ ಹೋಗುವವರಿದ್ದೇವೆ. ಅವಳು ಎಷ್ಟು ತಾಸು ಓದುತ್ತಾಳೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಅವಳ ಕಳೆದ ಮೂರು ಮಾದರಿ ಪರೀಕ್ಷೆಗಳ ಉತ್ತರ ಪತ್ರಿಕೆಗಳನ್ನು ಜೊತೆಗೆ ಒಯ್ಯುತ್ತಿದ್ದೇವೆ.